ಜಕಣಾಚಾರಿಯೂ ರೂವಾರಿಗಳೂ

ಬೇಲೂರಿನ ಚೆನ್ನಕೇಶವನ ಗುಡಿಯನ್ನು ನೋಡಲು ಹೋದವರು ಕನ್ನಡಿ ಹಿಡಿದ ಮದನಿಕೆಯ ಎದುರಿಗೆ ನಿಂತು, ಇದನ್ನು ಕಡೆದವರು ಯಾರು ಎಂದು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ಜಕಣಾಚಾರಿ. ಹಳೆಯಬೀಡಿನಲ್ಲಿ ಕೇಳಿದರೂ ಜಕಣಾಚಾರಿ. ಸೋಮನಾಥಪುರದಲ್ಲಿ ಕೇಳಿದರೂ ಜಕಣಾಚಾರಿ. ತುಂಗಭದ್ರೆಯನ್ನು ದಾಟಿ ಲಕ್ಕುಂಡಿಯ ಕಡೆಗೆ ಹೋದರೆ ಅಲ್ಲಿಯೂ ಹಳೆಯ ಗುಡಿಗಳೆಲ್ಲವೂ ಜಕಣಾಚಾರಿಯ ಕೆಲಸವೇ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು ಬಸದಿಯನ್ನು ಕಟ್ಟಿಸಿದುದು ಕ್ರಿ.ಶ. 1007ರಲ್ಲಿ, ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠಿಸಿದುದು 1117ರಲ್ಲಿ, ಸೋಮನಾಥಪುರದ ಗುಡಿಯ ಪ್ರತಿಷ್ಠೆಯನ್ನು ಕೆಲವರು 1258 ಎಂದೂ ಕೆಲವರು 1268 ಎಂದೂ ಎಣಿಸುವರು. ಇವೆಲ್ಲವೂ ಒಬ್ಬನ ಕೈಯಿಂದ ಆದುವೆಂದರೆ ಆ ಕೈ ಇನ್ನೂರೈವತ್ತು ವರ್ಷಗಳ ಕಾಲ ಚಾಣವನ್ನು ಹಿಡಿದಿರಬೇಕು. ಇದು ಮನುಷ್ಯನ ಆಯುಸ್ಸಲ್ಲ, ದೇವತೆಯ ಆಯುಸ್ಸು.

ಜಕಣಾಚಾರಿಯನ್ನು ಯಾರೂ ಗುಡಿಯಲ್ಲಿರಿಸಿ ಪೂಜಿಸುತ್ತಿಲ್ಲ, ನಿಜ. ಆದರೂ ನಮ್ಮ ಜನ ಅವನಿಗೆ ಕೊಟ್ಟಿರುವ ಸ್ಥಾನವು ದೇವತೆಯ ಸ್ಥಾನಕ್ಕಿಂತ ಬಹಳ ಕೆಳಗಿನದಲ್ಲ. ಕುಶಲ ಕರ್ಮಕ್ಕೆ ಒಬ್ಬ ಅಧಿದೇವತೆಯನ್ನು ಕಲ್ಪಿಸಿಕೊಳ್ಳುವುದು ನಮ್ಮಲ್ಲಿ ಬಹು ಪ್ರಾಚೀನವಾದ ವಾಡಿಕೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ವಿಶ್ವಕರ್ಮನನ್ನು ಕುರಿತು ಒಂದರ ಹಿಂದೆ ಒಂದಾಗಿ ಎರಡು ಸೂಕ್ತಗಳಿವೆ. ಅಲ್ಲಿ ಅವನು ಕೇವಲ ಬಡಗಿಯೋ ಕಲ್ಲುಕುಟಿಗನೋ ಅಲ್ಲ; ಭೂಮ್ಯಾಕಾಶಗಳನ್ನೇ ರೂಪಿಸಿದವನು. ಆದರೂ ಋಷಿಯು ಕೇಳುವ ಪ್ರಶ್ನೆಗಳು ಮಾತ್ರ ಕಮ್ಮಟದ ಪ್ರಶ್ನೆಗಳು: ಈ ಕೆಲಸಕ್ಕೆ ಬೇಕಾದ ಮರ ಯಾವುದು, ಅದನ್ನು ಯಾವ ಕಾಡಿನಿಂದ ತಂದರು, ಕೆಲಸ ಮಾಡುವಾಗ ಅವನು ಕಾಲೂರಿ ನಿಂತ ನೆಲ ಯಾವುದು? ಕೆಲಸಗಾರನನ್ನು ಹತ್ತಿರದಿಂದ ನೋಡಿದವನಿಗಲ್ಲದೆ ಇಂತಹ ಸಂದೇಹಗಳು ಹುಟ್ಟಲಾರವು. ಇಂದ್ರನಿಗೆ ವಜ್ರಾಯುಧವನ್ನು ಮಾಡಿಕೊಟ್ಟ ತ್ವಷ್ಟೃ ಬೇರೊಬ್ಬನು. ಇವರಿಗಿಂತಲೂ ನಮ್ಮ ಪ್ರಕೃತ ವಿಷಯಕ್ಕೆ ಹತ್ತಿರವಾದವರು ಋಭುಗಳು. ಸುಧನ್ವನ ಮಕ್ಕಳಾದ ಈ ಮೂವರು ಹುಟ್ಟಿನಿಂದ ಮನುಷ್ಯರು. ತ್ವಷ್ಟೃವು ಮಾಡಿದ ಒಂದು ಪಾನಪಾತ್ರೆಯನ್ನು ನಾಲ್ಕಾಗಿ ಮಾಡಿದರೆಂದೂ, ಮುಪ್ಪಾದ ತಂದೆತಾಯಿಗಳನ್ನು ಮತ್ತೆ ತರುಣರನ್ನಾಗಿ ಮಾಡಿದರೆಂದೂ, ಆ ಕೈಚಳಕದ ಬಲದಿಂದಲೇ ದೇವತ್ವವನ್ನು ಪಡೆದರೆಂದೂ ವೇದವು ಹೇಳುವುದು. ಕುಶಲತೆಯಿಂದ ಮನುಷ್ಯನು ದೇವನಾಗಬಹುದೆಂಬ ನಂಬಿಕೆ ಅಷ್ಟು ಹಿಂದಿನದು.

ಪುರಾಣಗಳ ಕಾಲಕ್ಕೆ ವಿಶ್ವಕರ್ಮನು ದೇವತೆಗಳ ಶಿಲ್ಪಿಯಾಗಿ ಸ್ವಲ್ಪ ಕೆಳಗಿಳಿದನು. ಆದರೆ ಒಂದು ದೊಡ್ಡ ಸಂಸಾರವನ್ನು ಪಡೆದನು. ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞ ಎಂಬ ಐವರಿಂದ ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ಕಸುಬುಗಳು ಬಂದುವೆಂದು ಪಾಂಚಾಳರು ಹೇಳಿಕೊಳ್ಳುವರು. ದೇವರ ಹೆಸರು ಮನುಷ್ಯರಿಗೂ ಬಂದಿತು. ಗಂಗ ದೊರೆಯಾದ ಶ್ರೀಪುರುಷನ ಆಳ್ವಿಕೆಯ 776ರ ದೇವರಹಳ್ಳಿಯ ತಾಮ್ರಶಾಸನವನ್ನು ಬರೆದವನು ವಿಶ್ವಕರ್ಮಾಚಾರ್ಯ. ಗಂಗರ ಬೇರೆ ಶಾಸನಗಳಲ್ಲಿಯೂ ಇದೇ ಹೆಸರು ಮತ್ತೆ ಮತ್ತೆ ಬರುವುದರಿಂದ ಇದನ್ನು ಒಬ್ಬನ ಅಂಕಿತವೆನ್ನುವುದಕ್ಕಿಂತ ಒಂದು ಪದವಿಯ ಅಥವಾ ಮನೆತನದ ಅಂಕಿತವೆನ್ನುವುದು ಮೇಲು. ದೇವರ ಹೆಸರಿನ ನೆರಳಿನಲ್ಲಿ ಮನುಷ್ಯನ ಸ್ವಂತ ಹೆಸರು ಮರೆಯಾದುದಕ್ಕೆ ಇದು ನಮ್ಮ ನಾಡಿನ ಹಳೆಯ ಉದಾಹರಣೆಗಳಲ್ಲೊಂದು. ಜಕಣಾಚಾರಿಯ ವಿಷಯದಲ್ಲಿ ನಡೆದಿರುವುದೂ ಇದೇ ಬಗೆಯದೆಂದು ನಮಗೆ ತೋರುವುದು.

ಕಥೆಯನ್ನು ಅರಿಯದವರಿಲ್ಲ. ಆದರೂ ಅದರ ಕೆಲವು ಅಂಶಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾದುದರಿಂದ ಸಂಗ್ರಹವಾಗಿ ಹೇಳುವೆವು. ತುಮಕೂರಿಗೆ ಸಮೀಪವಾದ ಕ್ರೀಡಾಪುರದ ಜಕಣನು ಶಿಲ್ಪದ ಹುಚ್ಚಿನಲ್ಲಿ ಮನೆಯನ್ನೂ ಮಡದಿಯನ್ನೂ ಬಿಟ್ಟು ಹೊರಟುಹೋದನು. ಊರೂರಿನಲ್ಲಿ ಗುಡಿಗಳನ್ನು ಕಟ್ಟುತ್ತ ಕಡೆಗೆ ಬೇಲೂರಿಗೆ ಬಂದನು. ಇತ್ತ ಅವನ ಮಗನಾದ ಡಂಕಣನು ಬೆಳೆದು, ತಾನೂ ಶಿಲ್ಪಿಯಾಗಿ, ತಂದೆಯನ್ನು ಅರಸುತ್ತ ಬೇಲೂರನ್ನು ಸೇರಿದನು. ಪ್ರತಿಷ್ಠೆಗೆ ಸಿದ್ಧವಾಗಿದ್ದ ಮೂರ್ತಿಯನ್ನು ನೋಡಿ, ಇದರ ಕಲ್ಲಿನಲ್ಲಿ ದೋಷವಿದೆ ಎಂದನು. ದೋಷವನ್ನು ತೋರಿಸಿದರೆ ನನ್ನ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಆಚಾರ್ಯನು ಪಂತ ಕಟ್ಟಿದನು. ಮೂರ್ತಿಗೆ ಗಂಧವನ್ನು ಪೂಸಿದರು. ಮೈಯೆಲ್ಲ ಒಣಗಿತು, ನಾಭಿಯ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಚಾಣವನ್ನಿಟ್ಟು ಹೊಡೆದಾಗ ನೀರಿನೊಡನೆ ಒಂದು ಕಪ್ಪೆ ಹೊರಕ್ಕೆ ಹಾರಿತು. ಜಕಣನು ಮಾತಿನಂತೆ ಕೈಯನ್ನು ಕಳೆದುಕೊಂಡನು. ಆಮೇಲೆ ತಂದೆಮಕ್ಕಳಿಗೆ ಗುರುತಾಯಿತು. ಹುಟ್ಟೂರಿನಲ್ಲಿ ಕೇಶವನ ಗುಡಿಯನ್ನು ಕಟ್ಟೆಂದು ದೇವರ ಅಪ್ಪಣೆಯಾಗಿ, ಅದನ್ನು ಮುಗಿಸಿದೊಡನೆ ಹೋದ ಕೈ ಮರಳಿ ಬಂದಿತು, ಊರು ಕೈದಾಳವಾಯಿತು. ಈ ಕಥೆಯನ್ನು ಬಾಲ್ಯದಲ್ಲಿ ಕೇಳುವಾಗ, ಕೈ ಬಿದ್ದ ಮೇಲೆ ಮಗನು ತಂದೆಯನ್ನು ಗುರುತಿಸುವ ಘಟ್ಟದಲ್ಲಿ ಕಣ್ಣೀರಿಡದವರು ನಮ್ಮಲ್ಲಿ ವಿರಳ. 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವನ್ನು ತೆಗೆದವರು ಇದೇ ಕಥೆಯನ್ನು ಆರಿಸಿಕೊಂಡುದು ಆಶ್ಚರ್ಯವಲ್ಲ.

ಇನ್ನು ಇತಿಹಾಸವು ಏನು ಹೇಳುವುದೆಂದು ನೋಡೋಣ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇರುವುದು ನಿಜ. ಅದನ್ನು ಮಾಡಿಸಿದವಳು ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲೆ. ಕೈದಾಳದ ಗುಡಿಯೂ ಇದೆ. ಅದನ್ನು ಕಟ್ಟಿಸಿದವನು ಒಂದನೆಯ ನರಸಿಂಹನ ಸಾಮಂತನಾಗಿದ್ದ ಗೂಳಿಬಾಚಿ, ಕಾಲ 1150ರ ಸುಮಾರು. ಬೇಲೂರಿನ ಪ್ರತಿಷ್ಠೆಗೂ ಇದಕ್ಕೂ ಮೂವತ್ತಕ್ಕೂ ಹೆಚ್ಚು ವರ್ಷಗಳ ಅಂತರ. ಕೈ ಮರಳಲು ಕೇಶವನು ಅಷ್ಟು ಕಾಲ ಕಾಯಿಸಿದನೆಂದು ಭಕ್ತರು ಸಮಾಧಾನ ಹೇಳಬಹುದು. ಆದರೆ ಬೇಲೂರಿನ ವಿಗ್ರಹಗಳ ಪೀಠಗಳಲ್ಲಿ ಕೊರೆದಿರುವ ಶಿಲ್ಪಿಗಳ ಹೆಸರುಗಳ ಸಾಲಿನಲ್ಲಿ ಜಕಣನ ಹೆಸರಿಲ್ಲವೆಂಬುದಕ್ಕೆ ಸಮಾಧಾನ ಹೇಳುವುದು ಕಷ್ಟ. ಆದುದರಿಂದ ಕೆಲವು ವಿದ್ವಾಂಸರು ಜಕಣಾಚಾರಿ ಎಂಬುದು ವ್ಯಕ್ತಿಯ ಹೆಸರೇ ಅಲ್ಲ, ದಕ್ಷಿಣಾಚಾರ್ಯ, ಎಂದರೆ ತೆಂಕಣ ಸಂಪ್ರದಾಯದ ಶಿಲ್ಪಿ, ಎಂಬ ಮಾತಿನ ತದ್ಭವವೆಂದು ಊಹಿಸಿರುವರು. ಈ ಊಹೆಯನ್ನು ಒಪ್ಪಲೇಬೇಕೆಂದು ನಾವು ಹೇಳೆವು. ಆದರೆ ಅದನ್ನು ಕೇಳಿದಾಗ ಪಟ್ಟದಕಲ್ಲಿನ ನೆನಪಾಗುವುದು. ಅಲ್ಲಿ ಚಾಳುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷನ ಗುಡಿಯಲ್ಲಿ, ಸೂತ್ರಧಾರಿಯಾದ ಗುಂಡನಿಗೆ ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಹೆಸರುಗಳನ್ನು ಕೊಟ್ಟು ಪಟ್ಟಕಟ್ಟಿದ ಸಂಗತಿ ಕಲ್ಲಿನ ಮೇಲಿದೆ. 'ತೆಂಕಣ ದಿಸೆಯ ಸೂತ್ರಧಾರಿ' ಎಂಬ ಮಾತೂ ಅಲ್ಲಿಯ ಲಿಪಿಯಲ್ಲಿದೆ. ಬಿರುದು ಉಳಿದು, ಅದನ್ನು ಹೊತ್ತವನು ಮರೆತುಹೋಗಿ, ಕಡೆಗೆ ಬಿರುದೇ ಮನುಷ್ಯನಾಗಿ ನಡೆದಾಡಿದರೆ ಅದು ಲೋಕದಲ್ಲಿ ಕಾಣದ ಸಂಗತಿಯೇನೂ ಅಲ್ಲ.

ಕಥೆಯ ಹುರುಳೂ ನಮ್ಮ ನಾಡಿಗೇ ಮೀಸಲಾದುದಲ್ಲ. ಒಡಿಶಾದ ಕೋಣಾರ್ಕದಲ್ಲಿ, ಸಾವಿರದ ಇನ್ನೂರು ಶಿಲ್ಪಿಗಳಿಗೆ ಆಗದ ಕಲಶದ ಕೆಲಸವನ್ನು ತಂದೆಯನ್ನು ಹುಡುಕಿಕೊಂಡು ಬಂದ ಹನ್ನೆರಡು ವರ್ಷದ ಧರ್ಮಪದನು ಮುಗಿಸಿ, ಹಿರಿಯರ ಮಾನವನ್ನುಳಿಸಲು ಸಮುದ್ರಕ್ಕೆ ಹಾರಿದನೆಂದು ಹೇಳುವರು. ಕೇರಳದ ಪೆರುಂದಚ್ಚನ್ ಎಂಬ ಹಿರಿಯ ಬಡಗಿಯ ಕೈಯಿಂದ ಜಾರಿದ ಉಳಿ, ಅವನನ್ನು ಮೀರಿಸಿದ ಮಗನ ಕೊರಳ ಮೇಲೆಯೇ ಬಿದ್ದಿತೆಂದು ಅಲ್ಲಿಯವರ ಐತಿಹ್ಯ. ಒಂದೆಡೆ ತಂದೆಯ ಕೈ ಹೋಯಿತು, ಒಂದೆಡೆ ಮಗನ ಪ್ರಾಣ ಹೋಯಿತು. ಎಲ್ಲ ಕಡೆಯೂ ಕಸುಬು ತಲೆಮಾರಿನಿಂದ ತಲೆಮಾರಿಗೆ ದಾಟುವ ಕಡೆಯಲ್ಲಿ ರಕ್ತ ಬಿದ್ದಿದೆ.

ಹಾಗಾದರೆ ಕಥೆಯನ್ನು ಸುಳ್ಳೆಂದು ತಳ್ಳಿಬಿಡುವುದೇ? ಇತಿಹಾಸವನ್ನು ಹಿಡಿದವರು ಇಲ್ಲಿ ಸ್ವಲ್ಪ ಅವಸರಪಡುವುದುಂಟು. ಗಂಧವನ್ನು ಪೂಸಿದ ಮಾತನ್ನೇ ನೋಡಿರಿ. ಕಥೆಗಾರನು ಚಮತ್ಕಾರಕ್ಕಾಗಿ ಕಲ್ಪಿಸಿದುದೆಂದು ಮೊದಲಿಗೆ ತೋರುವುದು. ಆದರೆ ವಿಗ್ರಹಕ್ಕೆ ಕಲ್ಲನ್ನು ಆರಿಸುವಾಗ ಅದರೊಳಗೆ 'ಗರ್ಭ'ವಿದೆಯೇ ಎಂದು ಪರೀಕ್ಷಿಸಬೇಕೆಂಬುದು ನಮ್ಮ ಶಿಲ್ಪಶಾಸ್ತ್ರಗಳ ವಿಧಿ. ಕಲ್ಲಿಗೆ ಲೇಪವನ್ನು ಬಳಿದು ಬಿಟ್ಟು, ಮೇಲೆ ಕಾಣುವ ಮಂಡಲಗಳ ಬಣ್ಣವನ್ನು ನೋಡಿ ಒಳಗಿರುವುದು ಕಪ್ಪೆಯೋ ಹಲ್ಲಿಯೋ ನೀರೋ ಮರಳೋ ಎಂದು ನಿರ್ಣಯಿಸುವ ಕ್ರಮವನ್ನು ಅವು ವಿವರಿಸುವುವು. ಕಪ್ಪೆಯು ಕಲ್ಲಿನೊಳಗೆ ಬದುಕಿರುವುದೆಂಬುದನ್ನು ನಾವು ನಂಬಬೇಕಾಗಿಲ್ಲ. ಒಳಗೆ ಪೊಳ್ಳೂ ತೇವವೂ ಇರುವ ಕಲ್ಲು ಮೇಲಿನ ಲೇಪವನ್ನು ಎಲ್ಲ ಕಡೆಯೂ ಒಂದೇ ಸಮನಾಗಿ ಒಣಗಗೊಡದೆಂಬ ಅನುಭವ ಈ ವಿಧಿಯ ಹಿಂದೆ ಇರಬಹುದು. ಹಾಗಿದ್ದರೆ ಡಂಕಣನು ಮಾಡಿದುದು ಪವಾಡವಲ್ಲ; ಗುರುವು ಮರೆತ ಮೊದಲ ಪಾಠವನ್ನು ಶಿಷ್ಯನು ನೆನಪು ಮಾಡಿಕೊಟ್ಟುದು. ಕಲ್ಲುಕುಟಿಗರ ಮನೆಗಳಲ್ಲಿ ಎಳೆಯರಿಗೆ ಕಲಿಸುತ್ತಿದ್ದ ಒಂದು ನಿಯಮ ಈ ಕಥೆಯೊಳಗೆ ಹಾಗೆಯೇ ಉಳಿದುಬಂದಿದೆ. ಕಥೆಯನ್ನು ಮೊದಲು ಹೇಳಿದವನು ಅಂಥದೊಂದು ಮನೆಯವನೇ ಇರಬೇಕೆಂದು ನಮ್ಮ ಊಹೆ.

ಈಗ ಗುಡಿಯ ಕಡೆಗೆ ತಿರುಗೋಣ. ಬೇಲೂರಿನ ಗುಡಿಯಲ್ಲಿ ಒಟ್ಟು ನಲವತ್ತೆರಡು ಮದನಿಕೆಗಳು; ಮೂವತ್ತೆಂಟು ಹೊರಗೆ, ನಾಲ್ಕು ಒಳಗೆ. ಕಂಬದ ಮೇಲೆ ಸೂರಿಗೆ ಓರೆಯಾಗಿ ನಿಂತಿರುವ ಈ ವಿಗ್ರಹಗಳಲ್ಲಿ ಹಲವಕ್ಕೆ ಪಾದಪೀಠದಲ್ಲಿ ಅಕ್ಷರಗಳಿವೆ. ಅವುಗಳನ್ನು ಓದಿದವರು ನಾಲ್ಕು ಮದನಿಕೆಗಳು ಬಳ್ಳಿಗಾವೆಯ ದಾಸೋಜನವೆಂದೂ, ಐದು ಚಾವಣನವೆಂದೂ ಎಣಿಸಿರುವರು. ಈ ಚಾವಣನು ದಾಸೋಜನ ಮಗ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಥೆಯು ತಂದೆಮಕ್ಕಳನ್ನು ಅಪರಿಚಿತರನ್ನಾಗಿ ತಂದು ಎದುರೆದುರು ನಿಲ್ಲಿಸಿದ ಅದೇ ಬೇಲೂರಿನಲ್ಲಿ, ಕಲ್ಲು ಒಬ್ಬ ತಂದೆಯನ್ನೂ ಒಬ್ಬ ಮಗನನ್ನೂ ಒಂದೇ ಕೆಲಸದಲ್ಲಿ, ಒಂದೇ ಸೂರಿನ ಕೆಳಗೆ ತೋರಿಸುತ್ತಿದೆ. ಯಾರ ಕೈಯನ್ನೂ ಯಾರೂ ಕತ್ತರಿಸಿಲ್ಲ. ಮಗನ ಲೆಕ್ಕ ತಂದೆಯದಕ್ಕಿಂತ ಒಂದು ಹೆಚ್ಚು; ತಂದೆಗೆ ಅದರಿಂದ ಸಂತೋಷವಾಯಿತೋ ಸಂಕಟವಾಯಿತೋ ಶಾಸನ ಹೇಳುವುದಿಲ್ಲ. ಬಳ್ಳಿಗಾವೆಯು ಬನವಾಸಿ ನಾಡಿನ ರಾಜಧಾನಿ, ಚಾಳುಕ್ಯರ ಸೀಮೆ. ನಾಗೋಜನೆಂಬ ಮತ್ತೊಬ್ಬನು ಗದಗಿನಿಂದ ಬಂದವನು. ಚೋಳರನ್ನು ತಲಕಾಡಿನಿಂದ ಓಡಿಸಿದ ಹೊಸ ಗೆಲುವಿನಲ್ಲಿದ್ದ ವಿಷ್ಣುವರ್ಧನನು ತನ್ನ ವಿಜಯದ ಗುಡಿಗೆ ತನ್ನ ಅಧಿರಾಜರ ನಾಡಿನ ಒಳ್ಳೆಯ ಕೈಗಳನ್ನು ಕರೆಯಿಸಿಕೊಂಡನೆಂದು ಇದರಿಂದ ತಿಳಿಯುವುದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದು. ಮದನಿಕೆಯ ಕೈಬಳೆಯನ್ನು ಬಿಡಿಸಿ ತೆಗೆಯುವಷ್ಟು ನಯವಾದ ಕೆಲಸ ಅದರಿಂದ ಸಾಧ್ಯವಾಯಿತು. ಆ ಕಲ್ಲನ್ನು ಬಲ್ಲ ಮನೆತನಗಳೇ ಆ ಕೆಲಸಕ್ಕೆ ಬೇಕಾಗಿತ್ತು.

ಈ ಜನರು ತಮ್ಮನ್ನು ಕರೆದುಕೊಂಡಿರುವ ಹೆಸರುಗಳೂ ನೋಡತಕ್ಕವು. ರೂವಾರಿ ಎಂದರೆ ರೂಪಕಾರಿ, ರೂಪವನ್ನು ಮಾಡುವವನು. ದಾಸೋಜ, ನಾಗೋಜ, ಮಲ್ಲೋಜ ಎಂಬಲ್ಲಿಯ ಓಜನು ಉಪಾಧ್ಯಾಯ ಶಬ್ದದಿಂದ ಬಂದ ಒಜ್ಜ; ಎಂದರೆ ಕಲಿಸುವವನು. ಕಸುಬಿನ ಹೆಸರಿನೊಳಗೇ ಶಿಷ್ಯನೊಬ್ಬನು ಅಡಗಿರುವನು. ಇನ್ನು ಬಿರುದುಗಳನ್ನು ಕೇಳಿದರೆ ನಗು ಬರುವುದು. ಚಾವಣನು ಬಿರುದುಳ್ಳ ರೂವಾರಿಗಳೆಂಬ ಮನ್ಮಥನಿಗೆ ಮಹೇಶ್ವರನಂತೆ. ಅವನ ತಂದೆಯು ಬಿರುದಾಂತ ಶಿಲ್ಪಿಗಳ ಗುಂಪನ್ನೇ ಬಡಿದಟ್ಟುವವನಂತೆ. ಸಾಮಂತರ ಬಿರುದುಗಳ ಗತ್ತು ಇವರಿಗೇನೂ ಕಡಮೆಯಲ್ಲ. ಆದರೆ ಇದು ಬರಿಯ ಜಂಬವಲ್ಲ. ಬೇರೆ ಬೇರೆ ಊರುಗಳಿಂದ ಬಂದ ಹೆಸರಾಂತ ಶಿಲ್ಪಿಗಳು ಒಂದೇ ಜಗತಿಯ ಸುತ್ತ ಕುಳಿತು ಕಡೆಯುವಾಗ ಸ್ಪರ್ಧೆ ಹೇಗಿದ್ದಿರಬೇಕೆಂಬುದನ್ನು ಈ ಬಿರುದುಗಳೇ ಸಾರುತ್ತಿವೆ. ಹೊಸದಾಗಿ ಬಂದ ಹುಡುಗನು ಹಿರಿಯ ಆಚಾರ್ಯನ ಮೂರ್ತಿಯಲ್ಲಿ ತಪ್ಪನ್ನೆತ್ತಿದ ಕಥೆಗೆ ಬೀಜ ಇಂತಹ ಕಣದಲ್ಲಿಯೇ ಬಿದ್ದಿರಬಹುದು. ಕಥೆಯು ಹೆಸರುಗಳನ್ನು ಕಳೆದುಕೊಂಡಿತು, ಕಾವನ್ನು ಉಳಿಸಿಕೊಂಡಿತು.

ಬೇಲೂರಿನಿಂದ ಎಂಬತ್ತರಿಂದ ನೂರೈವತ್ತು ವರ್ಷ ಈಚೆಗೆ ಬಂದರೆ ಮಲ್ಲಿತಮ್ಮನೆಂಬ ಹೆಸರು ಕಾಣುವುದು. ಎರಡನೆಯ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಕಟ್ಟಿದ ಅಮೃತಾಪುರದ ಗುಡಿಯಲ್ಲಿ ಈ ಹೆಸರಿದೆ. 1246ರ ನುಗ್ಗೇಹಳ್ಳಿಯಲ್ಲಿ ಇದೆ. ಅಲ್ಲಿ ತೆಂಕಣ ಗೋಡೆಯ ವಿಗ್ರಹಗಳು ನಂದಿಯ ಬೈಚೋಜನವು, ಬಡಗಣ ಗೋಡೆಯವು ಮಲ್ಲಿತಮ್ಮನವು. ಗುಡಿಯನ್ನು ಇಬ್ಬರಿಗೆ ಹೊಲದಂತೆ ಪಾಲು ಹಾಕಿಕೊಟ್ಟಿರುವರು. ಪ್ರದಕ್ಷಿಣೆ ಬರುವವರಿಗೆ ಇಬ್ಬರ ಕೈಯನ್ನೂ ಹೋಲಿಸಿ ನೋಡುವ ಅವಕಾಶ ಇಂದಿಗೂ ಉಂಟು. ಸೋಮನಾಥಪುರದಲ್ಲಿಯಂತೂ ಸುಮಾರು ನಲವತ್ತು ವಿಗ್ರಹಗಳ ಮೇಲೆ ಮಲ್ಲಿತಮ್ಮನೇ. ಅವನ ಜೊತೆಗೆ ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ ಮೊದಲಾದವರು. ಎಲ್ಲವೂ ಊರಮನೆಗಳಲ್ಲಿ ಕೂಗಿ ಕರೆಯುವ ಹೆಸರುಗಳು.

ಅಮೃತಾಪುರದಲ್ಲಿ ಮಲ್ಲಿತಮ್ಮನಿಗೆ ಇಪ್ಪತ್ತು ವರ್ಷವೆಂದಿಟ್ಟುಕೊಂಡರೂ ಸೋಮನಾಥಪುರದ ಹೊತ್ತಿಗೆ ಎಂಬತ್ತು ದಾಟಿರಬೇಕು. 1268ರ ಲೆಕ್ಕವನ್ನು ಹಿಡಿದರೆ ತೊಂಬತ್ತು. ಅಷ್ಟು ಮುಪ್ಪಿನವನು ನಲವತ್ತು ವಿಗ್ರಹಗಳನ್ನು ಕಡೆದನೇ? ಕಡೆದಿರಲೂಬಹುದು, ಕಲ್ಲಿನ ಕೆಲಸದವರು ಗಟ್ಟಿಗರು. ಇಲ್ಲವೇ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಂತೆ ಇಬ್ಬರು ಮಲ್ಲಿತಮ್ಮರಿರಬಹುದು. ಇಲ್ಲವೇ ಆಚಾರ್ಯನ ಶಿಷ್ಯರು ತಾವು ಮಾಡಿದ ಕೆಲಸಕ್ಕೆ ಅವನ ಹೆಸರನ್ನು ಹಾಕಿರಬಹುದು. ನಮಗೆ ಎರಡನೆಯ ಮತ್ತು ಮೂರನೆಯ ಊಹೆಗಳಲ್ಲಿ ಹೆಚ್ಚು ಒಲವು. ಹಾಗಾದರೆ ಗಂಗರ ಕಾಲದ ವಿಶ್ವಕರ್ಮಾಚಾರ್ಯನಂತೆ ಇಲ್ಲಿಯೂ ಒಬ್ಬನ ಹೆಸರು ಹಲವರ ಹೆಸರಾಗಲು ಮೊದಲಾಗಿತ್ತು. ಇನ್ನೊಂದು ನೂರು ವರ್ಷ ಈ ಕಮ್ಮಟಗಳು ನಡೆದಿದ್ದರೆ ಜನರು ಇಂದು ಜಕಣಾಚಾರಿಯ ಬದಲಿಗೆ ಮಲ್ಲಿತಮ್ಮನ ಕಥೆಯನ್ನು ಹೇಳುತ್ತಿದ್ದರೋ ಏನೋ. ಅದಾಗಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ದ್ವಾರಸಮುದ್ರವು ದಿಲ್ಲಿಯ ಸೈನ್ಯಗಳ ದಾಳಿಗೆ ಸಿಕ್ಕಿತು. ಹೊಯ್ಸಳ ವಂಶ ಅಳಿಯಿತು. ಬಳಪದ ಕಲ್ಲಿನ ಆ ನಯವಾದ ಕೆಲಸಕ್ಕೆ ಒಡೆಯರಿಲ್ಲವಾದರು. ಮುಂದೆ ವಿಜಯನಗರದವರು ಹಿಡಿದುದು ಕಣಶಿಲೆಯ ದಾರಿ.

ಕೆಲಸಗಾರರೆಲ್ಲರೂ ತಮ್ಮ ಹೆಸರನ್ನು ಬಿಟ್ಟುಹೋದರೆಂದೂ ತಿಳಿಯಬಾರದು. ಐಹೊಳೆಯಲ್ಲಿ ನರಸೊಬ್ಬನೆಂಬವನಿಗೆ ಸಮನಾದ ಕಟ್ಟಡಗಾರನು ಜಂಬೂದ್ವೀಪದಲ್ಲಿಯೇ ಹಿಂದೆ ಇರಲಿಲ್ಲ, ಮುಂದೆ ಇರಲಾರನೆಂದು ಕಲ್ಲು ಸಾರುವುದು. ಆದರೆ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇರುವುದು 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂಬಷ್ಟೇ. ಮಾಡಿಸಿದಂ, ಮಾಡಿದಂ: ಕನ್ನಡದಲ್ಲಿ ನಡುವೆ ಇರುವುದು ಒಂದೇ ಒಂದು ಅಕ್ಷರ. ಐವತ್ತೇಳು ಅಡಿಗಳ ಆ ಮುಖದ ಮೇಲೆ ಆ ನಗೆಯನ್ನು ತಂದವನು ಆ ಒಂದಕ್ಷರದ ಸಂದಿನಲ್ಲಿ ಮರೆಯಾಗಿರುವನು. ಹೊಯ್ಸಳ ರೂವಾರಿಗಳ ವಿಶೇಷವೆಂದರೆ ಮಾಡಿಸಿದವರ ಹೆಸರು ದೊಡ್ಡ ಶಾಸನದಲ್ಲಿ ಪದ್ಯಗಳಾಗಿ ನಿಂತಿರುವಾಗ, ಮಾಡಿದವರು ಬೇರೆ ಕಡೆಯಲ್ಲಿ, ತಮ್ಮ ಕೆಲಸದ ಬುಡದಲ್ಲಿಯೇ, ತಮ್ಮ ಹೆಸರನ್ನು ಕೊರೆದುಕೊಂಡುದು. ಒಡೆಯರು ಇದನ್ನು ತಡೆಯಲಿಲ್ಲವೆಂಬುದೂ ಗಮನಿಸಬೇಕಾದುದು.

ಇಷ್ಟು ಕಷ್ಟಪಟ್ಟು ಬರೆದ ಹೆಸರುಗಳನ್ನು ನಾವು ಮರೆತುದೇಕೆ? ಲಿಪಿ ಬದಲಾಯಿತು, ಓದುವವರಿಲ್ಲವಾದರು, ಮದನಿಕೆಗಳು ಎತ್ತರದಲ್ಲಿದ್ದುವು. ಇವು ಕಾರಣಗಳೇ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರಿನ ಪ್ರಾಚ್ಯಶೋಧನ ಇಲಾಖೆಯಲ್ಲಿ ಆರ್. ನರಸಿಂಹಾಚಾರ್ಯರು ಈ ಗುಡಿಗಳ ಹೆಸರುಗಳನ್ನು ಓದಿ, ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳನ್ನು ಕುರಿತು ಪುಸ್ತಕಗಳನ್ನು ಅಚ್ಚು ಹಾಕಿಸಿ ನೂರು ವರ್ಷಗಳ ಮೇಲಾಯಿತು. 2023ರಲ್ಲಿ ಬೇಲೂರು, ಹಳೆಯಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೂ ಸೇರಿದುವು. ಸರ್ಕಾರವು ಶಿಲ್ಪಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯ ಹೆಸರು ಮಾತ್ರ ಜಕಣಾಚಾರಿಯದು. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಕಥೆಯೊಂದು ನೆನಪಿನಲ್ಲಿ ನಿಲ್ಲುವಂತೆ ಹೆಸರುಗಳ ಪಟ್ಟಿ ನಿಲ್ಲಲಾರದು. ಚಾವಣನಿಗೆ ಒಂದು ಕಥೆಯಿಲ್ಲ, ಐದು ಮದನಿಕೆಗಳು ಮಾತ್ರ ಇವೆ.

ನೋಡಬೇಕೆನ್ನುವವರು ಬಿಸಿಲು ಓರೆಯಾಗಿರುವ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಆಗ ಅಕ್ಷರಗಳ ಅಂಚಿನಲ್ಲಿ ನೆರಳು ನಿಲ್ಲುವುದು. ಸೋಮನಾಥಪುರದಲ್ಲಿ ವಿಗ್ರಹಗಳು ಹೆಚ್ಚು ಎತ್ತರದಲ್ಲಿಲ್ಲ. ಜಗತಿಯ ಮೇಲೆ ನಡೆಯುತ್ತ ಪೀಠಗಳನ್ನು ಒಂದೊಂದಾಗಿ ನೋಡಿದರೆ, ಕೆಲವು ಕಡೆ ಪೂರ್ತಿ ಹೆಸರಿದೆ. ಕೆಲವು ಕಡೆ 'ಮಲ್ಲಿ' ಎಂದಷ್ಟೇ ಇದೆ. ಕೆಲವು ಕಡೆ ಬರಿಯ 'ಮ' ಎಂಬ ಒಂದಕ್ಷರವನ್ನು ಕೊರೆದು ಆತನು ಮುಂದಿನ ಕಲ್ಲಿಗೆ ಹೋಗಿರುವನು.